ಬಂಗಾರದ ಮೆಂತ್ಯ

ಮುದ್ದಕ್ಕನ ಹಿತ್ತಲಿಗೆ ಸೊಪ್ಪು ಕೇಳಲು ಹೋಗುವವರು ಬೈಸಿಕೊಳ್ಳುವುದಕ್ಕೂ ತಯಾರಾಗಿಯೇ ಹೋಗಬೇಕಿತ್ತು. ಶ್ರೀರಾಂಪುರದಿಂದ ಹಳ್ಳ ದಾಟಿ ಒಂದೂವರೆ ಮೈಲಿ ನಡೆದರೆ ಸಿಗುವ ಆ ಊರಿನಲ್ಲಿ ಅವಳ ಬಾಯಿಗೆ ಹೆದರದವರೇ ಇರಲಿಲ್ಲ. ಗಂಡ ಜುಂಜಯ್ಯ ವರ್ಷದಲ್ಲಿ ಆರು ತಿಂಗಳು ಕುರಿ ಹೊಡೆದುಕೊಂಡು ಮಾರಿಕಣಿವೆಯ ಹಿನ್ನೀರಿನ ಕಡೆಗೆ ಹೋಗಿಬಿಡುತ್ತಿದ್ದುದು ಮೇವಿಗಲ್ಲ, ಆ ಬಾಯಿಯಿಂದ ತಪ್ಪಿಸಿಕೊಳ್ಳುವುದಕ್ಕೆ ಎಂದು ಜನ ನಗುತ್ತಿದ್ದರು. ಅವಳ ಸೊಪ್ಪಿನ ಪಾತಿಗೆ ನೆರಳು ಬೀಳುವ ಹಾಗೆ ಯಾವಳಾದರೂ ಸೀರೆ ಒಣಹಾಕಿದಳೋ, ಮುಗಿಯಿತು.

"ಏನೇ, ನಿನ್ ಗಂಡನ ತಲೆ ಮ್ಯಾಲೆ ಗೋಣಿಚೀಲ ಮುಚ್ಚಿ ಕುಂಡ್ರಿಸ್ಲಾ? ಬಿಸ್ಲು ಬೀಳ್ದಿದ್ರೆ ಅದು ಬದುಕೋದು ಹೆಂಗೆ? ಅದಕ್ಕೇನು ನಿನ್ನಂಗೆ ಕಾಲು ಅವೆಯಾ, ಎದ್ದು ಬಿಸ್ಲಿಗೆ ಹೋಗಾಕೆ?"

ಸೀರೆ ಎಳೆದುಕೊಂಡು ಓಡಿದವಳ ಬೆನ್ನಿಗೂ ಇನ್ನೂ ನಾಲ್ಕು ಬೀಳುತ್ತಿದ್ದವು.

ಬಾಯಿ ಹೇಗೇ ಇರಲಿ, ಸೊಪ್ಪಿನ ವಿಷಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬೇಸಿಗೆಯಲ್ಲಿ ಕೊತ್ತಂಬರಿಗೆ ಇಳಿಹೊತ್ತಿನ ನೆರಳು ಬೇಕೆಂದು ನುಗ್ಗೆಮರದ ಮೂಡಲಿಗೆ ಹಾಕುತ್ತಿದ್ದಳು. ಮೆಂತ್ಯ, ಸಬ್ಬಸಿಗೆಗಳಿಗೆ ಮಾತ್ರ ಬೆಳಗಿನಿಂದ ಬೈಗಿನವರೆಗೆ ಬಟಾಬಯಲು. ನೆರಳಿಗೆ ಸಿಕ್ಕ ಮೆಂತ್ಯ ಬೆಳಕು ಹುಡುಕಿಕೊಂಡು ಉದ್ದಕ್ಕೆ ಎಳೆದುಕೊಳ್ಳುತ್ತದೆ, ಕಾಂಡ ದಾರದಷ್ಟು ಸಣ್ಣಗಾಗುತ್ತದೆ, ಎಲೆ ಹಳದಿಯಾಗಿ ಕೊನೆಗೆ ನೆಲಕ್ಕೆ ಮಲಗುತ್ತದೆ. ಅಂಥದ್ದಕ್ಕೆ ಅವಳು 'ಬಿಸಿಲುಗೆಟ್ಟದ್ದು' ಎಂದು ಹೆಸರಿಟ್ಟಿದ್ದಳು. ಕಣ್ಣಿಗೆ ಬಿದ್ದರೆ ಕಿತ್ತು ಎಮ್ಮೆಯ ಮುಂದೆ ಎಸೆಯುತ್ತಿದ್ದಳು.

ಇದೇ ಮುದ್ದಕ್ಕ ಊರಿನ ಸೂಲಗಿತ್ತಿಯೂ ಆಗಿದ್ದಳು. ಅವಳ ಕೈಯಲ್ಲಿ ಹುಟ್ಟಿದವರೇ ಈಗ ಮೀಸೆ ಬಿಟ್ಟುಕೊಂಡು ಶ್ರೀರಾಂಪುರದ ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಸೇದುತ್ತಿದ್ದರು. ಹಿತ್ತಲ ಮುದ್ದಕ್ಕನಿಗೂ ಹೆರಿಗೆಮನೆಯ ಮುದ್ದಕ್ಕನಿಗೂ ಒಂದು ವ್ಯತ್ಯಾಸವಿತ್ತು. ಅದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಎಲ್ಲ ನಡೆದದ್ದು ಅದರಿಂದಲೇ.

ಆ ಕಡೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಒಳಕೋಣೆಗೆ ಕಿಟಕಿ ಇರುವುದಿಲ್ಲ. ಮಾಳಿಗೆಯಲ್ಲಿ ತಲೆ ತೂರುವಷ್ಟು ಒಂದು ತೂತು ಬಿಟ್ಟಿರುತ್ತಾರೆ, ಅದೇ ಬೆಳಕಿಂಡಿ. ಆ ಊರಿನಲ್ಲಿ ಕೂಸು ಹುಟ್ಟಿದ ಕೂಡಲೇ ಮಾಳಿಗೆ ಹತ್ತಿ ಬೆಳಕಿಂಡಿಗೆ ಮಡಕೆ ಕವುಚಿ, ಸುತ್ತ ಮಣ್ಣು ಮೆತ್ತುತ್ತಿದ್ದರು. ಹನ್ನೊಂದು ದಿನ ಒಳಗೆ ಹರಳೆಣ್ಣೆಯ ದೀಪವೊಂದೇ. ಬಾಣಂತಿಯ ತಲೆಯ ಹತ್ತಿರ ಒಂದು ಬುಟ್ಟಿಯಲ್ಲಿ ಗೊಬ್ಬರದ ಮಣ್ಣು ತುಂಬಿ ಮೆಂತ್ಯ ಚೆಲ್ಲುತ್ತಿದ್ದರು. ಕತ್ತಲಲ್ಲಿ ಹುಟ್ಟಿದ ಮೆಂತ್ಯ ಹಳದಿಯಾಗದೆ ಇನ್ನೇನಾದೀತು? ಐದನೇ ದಿನ ಸೂಲಗಿತ್ತಿ ದೀಪ ಹಿಡಿದು ಬುಟ್ಟಿ ನೋಡಿ, "ಬಂಗಾರ ಬಂತೂ!" ಎಂದು ಬಾಗಿಲಾಚೆಗೆ ಕೇಳುವಂತೆ ಕೂಗಬೇಕು. ಹೊರಗೆ ಬೆಲ್ಲ ಹಂಚುತ್ತಾರೆ.

ಕೆಲವು ಮನೆಗಳಲ್ಲಿ ಬುಟ್ಟಿಯ ಜೊತೆಗೆ ಕೂಸೂ ಹಳದಿಯಾಗುತ್ತಿತ್ತು. ಮೊದಲು ಮುಖ, ಆಮೇಲೆ ಎದೆ, ಹೊಟ್ಟೆ, ಕಾಲು. ಬಂಗಾರದ ಕೂಸು ಎಂದು ಹಿಗ್ಗುತ್ತಿದ್ದರು. ಅಂಥವುಗಳಲ್ಲಿ ಹೆಚ್ಚಿನವು ಹನ್ನೊಂದು ದಿನ ಕಳೆದು ಹೊರಗೆ ಬಂದಮೇಲೆ ಸರಿಹೋಗುತ್ತಿದ್ದವು. ಕೆಲವು ಮಾತ್ರ ಹೊರಗೆ ಬರುವವರೆಗೆ ಇರುತ್ತಿರಲಿಲ್ಲ. ಮೊಲೆ ಬಿಟ್ಟು ಬರೀ ನಿದ್ದೆ ಮಾಡುತ್ತಿದ್ದವು, ನಿದ್ದೆಯಲ್ಲೇ ಹೋಗಿಬಿಡುತ್ತಿದ್ದವು. ಅದಕ್ಕೂ ಊರಿನ ಹತ್ತಿರ ಉತ್ತರವಿತ್ತು: ಬಂಗಾರಗಳ್ಳಿ. ಹೆರಿಗೆಯಲ್ಲಿ ಸತ್ತವಳು, ಮೈಮೇಲೆ ಗುಲಗಂಜಿ ಬಂಗಾರವಿಲ್ಲದೆ ಮಣ್ಣಿಗೆ ಹೋದವಳು, ಬೆಳಕು ತೂರುವಷ್ಟು ಸಂದು ಸಿಕ್ಕರೂ ಅದರಲ್ಲೇ ಇಳಿದುಬಂದು ಕೂಸಿನ ಬಂಗಾರವನ್ನು ಕಾಲಿನಿಂದ ಸುಲಿಯುತ್ತಾಳಂತೆ. ಸತ್ತ ಕೂಸು ಬಿಳಿಚಿಕೊಂಡದ್ದನ್ನು ಎಲ್ಲರೂ ಕಣ್ಣಾರೆ ನೋಡಿದ್ದರಲ್ಲ, ಇನ್ನೇನು ಸಾಕ್ಷಿ ಬೇಕು! ಒಂದು ಕೂಸು ಹೋದರೆ ಮುಂದಿನ ಹೆರಿಗೆಗೆ ಬೆಳಕಿಂಡಿಯ ಮೇಲೆ ಎರಡು ಬುಟ್ಟಿ ಮಣ್ಣು ಹೆಚ್ಚು ಬೀಳುತ್ತಿತ್ತು.

ಹಿತ್ತಲಲ್ಲಿ ಹಳದಿ ಕಂಡರೆ ಕಿತ್ತೆಸೆಯುವ ಹೆಂಗಸು ಒಳಗೆ ಅದೇ ಹಳದಿ ಕಂಡರೆ ಬೆಲ್ಲ ಹಂಚಿಸುತ್ತಿದ್ದಳು. ಎರಡರ ನಡುವೆ ಇದ್ದದ್ದು ಒಂದು ಹೊಸ್ತಿಲು. ಮೂವತ್ತು ವರ್ಷ ಅದನ್ನು ದಾಟಿದರೂ ಅವಳಿಗೆ ಹೊಳೆಯಲಿಲ್ಲ. ಅವಳೊಬ್ಬಳನ್ನೇ ಅಂದು ಏನು ಪ್ರಯೋಜನ, ಊರಿನಲ್ಲಿ ಯಾರಿಗೆ ತಾನೇ ಹೊಳೆದಿತ್ತು?

ಮುದ್ದಕ್ಕನಿಗೆ ಇದ್ದದ್ದು ಒಬ್ಬಳೇ ಮಗಳು, ಜಯಕ್ಕ. ಹೊಳಲ್ಕೆರೆ ಕಡೆಯ ಮೂರ್ತಪ್ಪನಿಗೆ ಕೊಟ್ಟಿದ್ದರು. ಎಪ್ಪತ್ಮೂರರಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು. ಐದನೇ ದಿನ ಮುದ್ದಕ್ಕನೇ "ಬಂಗಾರ ಬಂತೂ" ಎಂದು ಕೂಗಿದಳು. ಬುಟ್ಟಿಯೂ ಬಂಗಾರ, ಮೊಮ್ಮಗನೂ ಬಂಗಾರ. ಎಂಟನೇ ದಿನ ಕೂಸು ಏಳಲಿಲ್ಲ.

ಮರುವರ್ಷ ಮಾಘದಲ್ಲಿ ಜಯಕ್ಕ ಮತ್ತೆ ಬಂದಳು. ಮೂರ್ತಪ್ಪ ಮೆಲ್ಲಗೆ, "ಅತ್ತೆಮ್ಮಾ, ಈ ಸಲ ಹೊಸದುರ್ಗದ ಆಸ್ಪತ್ರೆಗೆ ಕರ್ಕಂಡು ಹೋಗಾಣ" ಎಂದ. ಎಂದದ್ದೇ ತಪ್ಪಾಯಿತು. "ಊರೋರ ಮಕ್ಕಳನ್ನೆಲ್ಲಾ ಎತ್ತಿದ ಕೈ ಇದು. ನನ್ ಮಗಳಿಗೆ ಬ್ಯಾರೆ ಕೈ ಬೇಕೇನಪ್ಪಾ?" ಎಂದು ಹಾರಾಡಿದಳು. ಅವನು ತಲೆ ತಗ್ಗಿಸಿ ಬಸ್ಸು ಹತ್ತಿದ. ಅಷ್ಟು ಕೂಗಾಡಿದ್ದು ಸಿಟ್ಟಿನಿಂದಲ್ಲ, ಭಯದಿಂದ ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಈ ಕೂಸೂ ಹೋದರೆ ಮಗಳು ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಹೆಣ್ಣು ಕೂಸು ಹುಟ್ಟಿತು. ಮುದ್ದಕ್ಕ ತಾನೇ ಮಾಳಿಗೆ ಹತ್ತಿ ಮಡಕೆ ಕವುಚಿ, ಮಣ್ಣು ಮೆತ್ತಿ, ಮೇಲೆ ಕಲ್ಲು ಹೇರಿದಳು. ಬಾಗಿಲ ಸಂದಿಗೆ ಗೋಣಿ ತುರುಕಿದಳು. ಮೂರನೇ ದಿನ ಕೂಸಿನ ಮುಖ ಹಳದಿಯಾಯಿತು. ಐದನೇ ದಿನ ಬುಟ್ಟಿಯಲ್ಲಿ ಬಂಗಾರ ಬಂತು. ಮುದ್ದಕ್ಕ ದೀಪ ಹಿಡಿದು ನೋಡಿದಳು, ಬಾಯಿ ತೆರೆದಳು. ಕೂಗು ಹೊರಡಲಿಲ್ಲ. ಹೊರಗೆ ಬೆಲ್ಲ ಹಿಡಿದು ನಿಂತಿದ್ದ ಪಕ್ಕದ ಮನೆಯ ಕೆಂಚಕ್ಕ ಕಾದು ಕಾದು ಹೊರಟುಹೋದಳು.

ಅವತ್ತು ಜಯಕ್ಕ ಒಂದು ಮಾತು ಹೇಳಿದಳು.

"ಅವ್ವಾ, ಮಧ್ಯಾಹ್ನದಾಗೆ ಯಾರೋ ಬರ್ತಾರೆ."

"ಯಾರೇ?"

"ಗೊತ್ತಿಲ್ಲ. ನೀನು ಹಿತ್ತಲಿಗೆ ಹೋದಾಗ ಬರ್ತಾರೆ. ಕಾಲ ಹತ್ರ ಕುಂತಂಗಾಗ್ತೈತೆ. ಬೆಚ್ಚಗಾಗ್ತೈತೆ. ಒಸಿ ಹೊತ್ತು ಇದ್ದು ಹೋಗ್ತಾರೆ."

ಬಾಣಂತಿಯ ಮಾತು ಎಂದು ಮುದ್ದಕ್ಕ ಗದರಿಸಿದಳು. ಆದರೂ ಬೇವಿನ ಸೊಪ್ಪು ತಂದು ಬಾಗಿಲಿಗೆ ಸಿಕ್ಕಿಸಿದಳು. ಮಾರನೆಯ ದಿನ ಹಿತ್ತಲಿಗೆ ಹೋಗಲಿಲ್ಲ. ಹೊತ್ತು ನೆತ್ತಿಗೆ ಬರುವವರೆಗೆ ಪಡಸಾಲೆಯಲ್ಲೇ ಕೂತಿದ್ದು, ಸದ್ದಿಲ್ಲದೆ ಬಾಗಿಲು ತಳ್ಳಿದಳು.

ಕೋಣೆಯಲ್ಲಿ ದೀಪ ಆರಿತ್ತು. ಆದರೂ ಕೋಣೆ ಕಾಣಿಸುತ್ತಿತ್ತು. ನೆಲದ ಮೇಲೆ ಅಂಗೈಯಷ್ಟು ಅಗಲದ ಬೆಳಕೊಂದು ಕೂತಿತ್ತು. ಮೇಲೆ ಮಡಕೆಯ ಚೂರೊಂದು ಕಳಚಿತ್ತು. ಮೇಕೆ ಹತ್ತಿತ್ತೋ ಕೋತಿ ಹತ್ತಿತ್ತೋ, ಯಾವಾಗ ಕಳಚಿತೋ ದೇವರಿಗೇ ಗೊತ್ತು. ಅಲ್ಲಿಂದ ಇಳಿದ ಬಿಸಿಲಿನ ಕೋಲಿನಲ್ಲಿ ದೂಳು ಸುಮ್ಮನೆ ಸುತ್ತುತ್ತಿತ್ತು. ಆ ಬೆಳಕು ಬುಟ್ಟಿಯ ಅಂಚು ದಾಟಿ ಚಾಪೆಯ ಮೇಲೆ ಬಂದಿತ್ತು.

ಮುದ್ದಕ್ಕ ಬುಟ್ಟಿ ನೋಡಿದಳು. ಬಂಗಾರದ ಮೆಂತ್ಯವೆಲ್ಲ ಕುತ್ತಿಗೆ ಬಗ್ಗಿಸಿ ಒಂದೇ ದಿಕ್ಕಿಗೆ ತಿರುಗಿ ನಿಂತಿತ್ತು, ಮನೆಗೆ ಯಾರೋ ಬಂದಾಗ ಎಲ್ಲರೂ ಬಾಗಿಲಿನತ್ತ ತಿರುಗುವ ಹಾಗೆ. ಬೆಳಕಿನ ಕಡೆಯ ಅಂಚಿನಲ್ಲಿ ನಾಲ್ಕು ಬೆರಳಗಲ ಹಸಿರಾಗಿತ್ತು. ಹೆರಿಗೆಮನೆಯ ಬುಟ್ಟಿಯಲ್ಲಿ ಹಸಿರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಆಮೇಲೆ ಕೂಸನ್ನು ನೋಡಿದಳು. ಕಾಲ ಮೇಲಿನ ಬಟ್ಟೆ ಸರಿದಿತ್ತು. ಮೊಣಕಾಲಿನಿಂದ ಮೇಲೆ ಅರಿಶಿನದ ನೀರಿನಲ್ಲಿ ಅದ್ದಿದಂಥ ಮೈ. ಮೊಣಕಾಲಿನಿಂದ ಕೆಳಗೆ ಹಳದಿ ಇರಲಿಲ್ಲ. ಎಲ್ಲ ಕೂಸುಗಳ ಕಾಲಿನ ಹಾಗೆ ಕೆಂಪುಕೆಂಪಗಿತ್ತು. ಎರಡರ ನಡುವೆ, ಬಟ್ಟೆಯ ಅಂಚು ಇದ್ದಲ್ಲಿ, ಗೆರೆ ಎಳೆದಂತೆ ಒಂದು ಗೆರೆ.

ಕಾಲಿನಿಂದ ಸುಲಿಯುತ್ತಾಳೆ. ಮೂವತ್ತು ವರ್ಷ ಬಾಯಲ್ಲಿ ಹೇಳಿಕೊಂಡು ಬಂದದ್ದು ಕಣ್ಣೆದುರಿಗಿತ್ತು.

"ಬಂದವ್ಳೆ ಕಣೆ ಜಯಾ, ಬಂದ್ಬಿಟ್ಟವ್ಳೆ! ಮೊಣಕಾಲಿನ್ ಮಟ ಸುಲಿದವ್ಳೆ!"

ಜಯಕ್ಕ ಗಾಬರಿಯಾಗಲಿಲ್ಲ. ಅದರಿಂದ ಇನ್ನೂ ಭಯವಾಯಿತು ಮುದ್ದಕ್ಕನಿಗೆ. ಮಗಳು ಚಾಪೆಯ ಮೇಲಿನ ಬೆಳಕಿಗೆ ಅಂಗೈ ಒಡ್ಡಿ, ಮೆತ್ತಗೆ ಹೇಳಿದಳು:

"ಅವಳಲ್ಲವ್ವಾ. ಅವನು. ಹೋದ್ನಲ್ಲ, ಅವನು. ತಂಗೀನ ನೋಡಾಕೆ ಬತ್ತಾನೆ. ಅವನು ಬಂದಾಗ ಕೂಸು ಕಣ್ಣು ಬಿಡ್ತೈತೆ, ಮೊಲೆ ಹಿಡೀತೈತೆ. ಅದಕ್ಕೇ ನಾನು ಬಟ್ಟೆ ಸರಿಸ್ತೀನಿ."

ಮುದ್ದಕ್ಕ ಇನ್ನೊಂದು ಮಾತಿಗೂ ನಿಲ್ಲಲಿಲ್ಲ. ಓಡಿ ಮಾಳಿಗೆ ಹತ್ತಿದಳು. ಒಡೆದ ಮಡಕೆಯ ಮೇಲೆ ಗೋಣಿ ಹೊದಿಸಿ ಬುಟ್ಟಿಗಟ್ಟಲೆ ಮಣ್ಣು ಸುರಿದಳು. ಕೆಳಗಿನಿಂದ ಮಗಳ ಕೂಗು ಮಾಳಿಗೆಯ ಮಣ್ಣು ತೂರಿಕೊಂಡು ಬರುತ್ತಿತ್ತು. "ಅವನನ್ನ ಮುಚ್ಚಬ್ಯಾಡವ್ವಾ! ಅವ್ವಾ, ಮುಚ್ಚಬ್ಯಾಡ!" ಮುದ್ದಕ್ಕ ಕಾಲಿನಿಂದ ಮಣ್ಣು ತುಳಿದು ತುಳಿದು ಗಟ್ಟಿ ಮಾಡಿದಳು. ಕೆಳಗೆ ಬಂದು ಹಸಿರಾದಷ್ಟನ್ನು ಬುಟ್ಟಿಯಿಂದ ಕಿತ್ತಳು. ಕೂಸನ್ನು ತಲೆಯಿಂದ ಕಾಲಿನವರೆಗೆ ಎರಡು ಸುತ್ತು ಬಟ್ಟೆಯಲ್ಲಿ ಸುತ್ತಿದಳು.

ಏಳನೇ ದಿನ ಕೂಸಿನ ಕಾಲಿಗೆ ಬಂಗಾರ ವಾಪಸ್ ಬಂತು. ಮುದ್ದಕ್ಕ ದೀಪ ಹಿಡಿದು ನೋಡಿ ಉಸ್ಸಪ್ಪಾ ಎಂದಳು. ಎಂದ ಬಾಯಿ ಮುಚ್ಚುವ ಮೊದಲೇ ಗೊತ್ತಾಯಿತು, ಕೂಸು ಮೊಲೆ ಹಿಡಿಯುತ್ತಿಲ್ಲ. ಅಂಗಾಲಿಗೆ ಚಿವುಟಿದರೆ ಮುಖ ಕಿವುಚಿತು, ಅಳಲಿಲ್ಲ. ಸಂಜೆಯ ಹೊತ್ತಿಗೆ ಮುಖವನ್ನೂ ಕಿವುಚಲಿಲ್ಲ. ಕಣ್ಣಿನ ರೆಪ್ಪೆ ಎತ್ತಿದರೆ ಬಿಳಿ ಇರಬೇಕಾದ ಕಡೆಯೂ ಬಂಗಾರ. ಜಯಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಎಂಟನೇ ದಿನ ಬೆಳಗಾಯಿತು. ಹಿಂದಿನ ಕೂಸು ಹೋದದ್ದು ಎಂಟಕ್ಕೇ. ಮಗಳ ಎದೆಯಲ್ಲಿ ಹಾಲಾದರೂ ಬತ್ತದಿರಲಿ ಎಂದು ಸಬ್ಬಸಿಗೆ ಕೊಯ್ಯಲು ಮುದ್ದಕ್ಕ ಹಿತ್ತಲಿಗೆ ಹೋದಳು. ಎರಡು ದಿನದಿಂದ ಆ ಕಡೆ ಸುಳಿದಿರಲಿಲ್ಲ. ಮೆಂತ್ಯದ ಹೊಸ ಪಾತಿಯ ಮೂಲೆಯಲ್ಲಿ ಒಂದು ಮೊರ ಕವುಚಿಕೊಂಡು ಬಿದ್ದಿತ್ತು. ಅವಳದೇ ಮೊರ. ಬಿತ್ತುತ್ತಿದ್ದಾಗ ಮಗಳಿಗೆ ನೋವು ಶುರುವಾಯಿತೆಂದು ಕೆಂಚಕ್ಕ ಕೂಗಿದ್ದಳು. ಮೊರವನ್ನು ಅಲ್ಲೇ ಬಿಸಾಕಿ ಓಡಿದ್ದಳು. ಆಮೇಲೆ ಆ ಮೂಲೆಗೆ ಹೋಗಿರಲೇ ಇಲ್ಲ, ಎಂಟು ದಿನದಿಂದ ಅಲ್ಲೇ ಬಿದ್ದಿತ್ತು. ಥೂ, ಹಾಳಾಯಿತು ಎಂದುಕೊಂಡು ಎತ್ತಿದಳು.

ಸುತ್ತ ಮೆಂತ್ಯ ಎರಡೆರಡೆಲೆ ಬಿಟ್ಟು ಹಸಿರಾಗಿ ನಿಂತಿತ್ತು. ಮೊರದಡಿಯದು ಉದ್ದುದ್ದ ಎಳೆದುಕೊಂಡು, ಒಂದರ ಮೇಲೊಂದು ಬಿದ್ದು, ಹಳದಿ. ಮೊರದ ಅಂಚು ಇದ್ದಲ್ಲಿ, ಗೆರೆ ಎಳೆದಂತೆ ಒಂದು ಗೆರೆ.

"ಬಿಸಿಲುಗೆಟ್ಟದ್ದು," ಎಂದಳು ಮುದ್ದಕ್ಕ, ಅಭ್ಯಾಸಬಲದಿಂದ.

ತನ್ನ ಮಾತು ತನಗೇ ಕೇಳಿಸಿತು. ಆ ಗೆರೆಯನ್ನು ಇನ್ನೊಮ್ಮೆ ನೋಡಿದಳು. ಮೊಣಕಾಲು ಕಂಡಿತು. ಬುಟ್ಟಿ ಕಂಡಿತು. ಬೆಳಕು ಬಿದ್ದಷ್ಟೇ ಹಸಿರಾದದ್ದು, ಬೆಳಕು ಬಿದ್ದಷ್ಟೇ ಕೆಂಪಾದದ್ದು, ಮುಚ್ಚಿದ ಮೇಲೆ ಮತ್ತೆ ಹಳದಿಯಾದದ್ದು. ಕಳ್ಳಿ ಯಾರೂ ಬಂದಿರಲಿಲ್ಲ. ಬಂದದ್ದು ಬಿಸಿಲು. ಆ ಬಿಸಿಲನ್ನು ತಾನು ಮಣ್ಣು ಹಾಕಿ ತುಳಿದಿದ್ದಳು.

ಮೊರ ಎಲ್ಲಿ ಬಿತ್ತೋ ಅವಳಿಗೆ ತಿಳಿಯದು. ಬಾಗಿಲ ಬೇವಿನ ಸೊಪ್ಪನ್ನೆಲ್ಲ ಹರಿದುಕೊಂಡು ಒಳನುಗ್ಗಿ, ಕೂಸನ್ನು ಎತ್ತಿಕೊಂಡು, ಸುತ್ತಿದ ಬಟ್ಟೆಯನ್ನು ಅಲ್ಲೇ ಬಿಚ್ಚಿ ಬಿಸಾಕಿ ಅಂಗಳಕ್ಕೆ ಓಡಿದಳು. ಹನ್ನೊಂದು ತುಂಬದ ಕೂಸು ಬರಿಮೈಯಲ್ಲಿ ಬಯಲಿಗೆ! ಗೋಡೆಯಾಚೆ ನೀರು ಸೇದುತ್ತಿದ್ದ ಕೆಂಚಕ್ಕ ಹಗ್ಗ ಬಿಟ್ಟಳು.

"ಅಯ್ಯಯ್ಯೋ, ಮುದ್ದಕ್ಕಂಗೆ ಮೈಮ್ಯಾಲೆ ಬಂದೈತೆ! ಕೂಸಿನ್ ಕೊಲ್ತಾಳೆ, ಬರ್ರೇ!"

ಮುದ್ದಕ್ಕ ಎಳೆಬಿಸಿಲಿನಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಕಣ್ಣಿಗೆ ಸೆರಗು ಮರೆಮಾಡಿ ಹಿಡಿದಳು. ಒಂದಿಷ್ಟು ಹೊತ್ತು ಬೆನ್ನು, ಒಂದಿಷ್ಟು ಹೊತ್ತು ಎದೆ. ಜಯಕ್ಕನನ್ನು ಕೂಗಿ ಹಾಲು ಹಿಂಡಿಸಿ, ಒಳಲೆಯಲ್ಲಿ ಹನಿಹನಿಯಾಗಿ ಬಾಯಿಗೆ ಬಿಟ್ಟಳು. ಬಿಸಿಲು ಚುರುಕಾದಾಗ ಚಪ್ಪರದ ಅಂಚಿಗೆ ಸರಿದಳು. ಇಳಿಹೊತ್ತಿಗೆ ಮತ್ತೆ ಬಯಲಿಗೆ ಬಂದಳು. ಅವಳ ಬಾಯಿಂದ ಒಂದು ಬೈಗುಳವೂ ಹೊರಡಲಿಲ್ಲ, ಊರಿನವರಿಗೆ ಎಲ್ಲಕ್ಕಿಂತ ಭಯವಾದದ್ದು ಅದು.

ಕೆಂಚಕ್ಕನ ಕೂಗಿಗೆ ಬಂದ ಹೆಂಗಸರು ಗೋಡೆಯಾಚೆ ಸಾಲಾಗಿ ನಿಂತರು. ಒಳಗೆ ಯಾರೂ ಕಾಲಿಡಲಿಲ್ಲ. ಕೂಸು ಯಾವಾಗ ಹೋಗುತ್ತದೆ ಎಂದು ನೋಡಲು ಬಂದವರು ಅವರು, ಸುಳ್ಳು ಯಾಕೆ ಹೇಳಬೇಕು. ಮಾರನೆಯ ದಿನವೂ ಬಂದು ನಿಂತರು. ಅಂದು ಕೂಸಿನ ಹೊಟ್ಟೆಯ ಹಳದಿ ತಿಳಿಯಾಗಿತ್ತು. ಮೂರನೆಯ ದಿನ ಅದು ಕಣ್ಣು ಬಿಟ್ಟು, ಮುಷ್ಟಿ ಬಿಗಿದು, ಮೂರು ಮನೆಗೆ ಕೇಳುವ ಹಾಗೆ ಅತ್ತಿತು. ಜಯಕ್ಕ ಮೊಲೆಗೆ ಹಾಕಿಕೊಂಡಳು. ಕೂಸು ಲೊಚಲೊಚ ಕುಡಿಯುವ ಸದ್ದು ಗೋಡೆಯವರೆಗೂ ಕೇಳಿಸಿತು.

ಮುದ್ದಕ್ಕ ತಲೆಯೆತ್ತಿ ನೋಡಿದಳು. ನಿಂತಿದ್ದವರಲ್ಲಿ ಮರುಳಸಿದ್ದಮ್ಮನಿದ್ದಳು, ಅವಳದು ಹೋದದ್ದು ಎರಡು. ಕೆಂಚಕ್ಕನದು ಒಂದು, ಇಪ್ಪತ್ತು ವರ್ಷದ ಹಿಂದೆ. ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದ ಎಳೆ ಹುಡುಗಿಯದು ಹೋದ ಸುಗ್ಗಿಯಲ್ಲಿ. ಅವರು ಕೂಸನ್ನು ನೋಡುತ್ತಿರಲಿಲ್ಲ. ಮುದ್ದಕ್ಕನನ್ನು ನೋಡುತ್ತಿದ್ದರು. ಒಬ್ಬೊಬ್ಬರಾಗಿ ತಿರುಗಿ ಅವರವರ ಮನೆಗೆ ನಡೆದರು. ಸ್ವಲ್ಪ ಹೊತ್ತಿಗೆ ಕೇರಿಯ ಮಾಳಿಗೆಗಳ ಮೇಲೆ ಸದ್ದು ಶುರುವಾಯಿತು. ಹೆರಿಗೆ ಇಲ್ಲದ ಮನೆಗಳಲ್ಲೂ ಹೆಂಗಸರು ಮಾಳಿಗೆ ಹತ್ತಿ, ಬೆಳಕಿಂಡಿಯ ಸುತ್ತ ಗಟ್ಟಿಯಾಗಿ ಉಳಿದಿದ್ದ ಹಳೆಯ ಮಣ್ಣನ್ನು ಗುದ್ದಲಿಯಿಂದ ಕೆತ್ತುತ್ತಿದ್ದರು. ಮಧ್ಯಾಹ್ನ ಪೂರ್ತಿ ಕೇರಿಯಲ್ಲಿ ಅದೊಂದೇ ಸದ್ದು.

ಜಯಕ್ಕ ಕೂಸಿನ ಬಾಯಿ ಒರೆಸಿ ಕೇಳಿದಳು.

"ಅವ್ವಾ, ಹಂಗಾದ್ರೆ ಅವನಿಗೂ ಏನೂ ಆಗಿರ್ಲಿಲ್ಲ, ಅಲ್ಲೇನವ್ವಾ?"

ಸುಳ್ಳು ಹೇಳಬಹುದಿತ್ತು. ಹಣೆಬರಹ ಎನ್ನಬಹುದಿತ್ತು, ಊರಿಗೂರೇ ಒಪ್ಪುತ್ತಿತ್ತು.

"ಇಲ್ಲ ಕಣವ್ವಾ. ಬಿಸ್ಲು ಬೇಕಾಗಿತ್ತು. ನಾನೇ ಮುಚ್ಚಿದ್ದು."

ಜಯಕ್ಕ ಎದ್ದು ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟಿ ತಂದಳು. ಬಾಣಂತನಕ್ಕೆ ಬಂದು ಹನ್ನೊಂದು ದಿನವೂ ತುಂಬದೆ ಗಂಡನ ಮನೆಗೆ ಹೊರಟವಳನ್ನು ಆ ಊರು ಕಂಡಿರಲಿಲ್ಲ. ಶ್ರೀರಾಂಪುರದಿಂದ ಮೂರು ಗಂಟೆಗೆ ಬಸ್ಸಿತ್ತು. ಅಲ್ಲಿಯವರೆಗೆ ನಡೆಯಬೇಕು, ಹಸಿಮೈ ಎಂದು ಮುದ್ದಕ್ಕನಿಗೆ ಹೇಳಬೇಕೆನಿಸಿತು. ಹೇಳುವ ಬಾಯಿ ತನಗೆ ಎಲ್ಲಿದೆ? ಅಂಗಳದ ಬಾಗಿಲಿನಲ್ಲಿ ಅಡ್ಡ ನಿಂತು ಎರಡೂ ಕೈ ಚಾಚಿದಳು.

"ಒಂದ್ ಸಲ ಕೊಡವ್ವಾ. ಎತ್ಕಂಡು ಕೊಟ್ಬಿಡ್ತೀನಿ."

ಜಯಕ್ಕ ಕೂಸನ್ನು ಆ ಕಡೆಯ ಹೆಗಲಿಗೆ ಹಾಕಿಕೊಂಡಳು. ತಾಯಿಯ ನೆರಳು ಕೂಸಿನ ಮೇಲೆ ಬೀಳದ ಹಾಗೆ ಗೋಡೆಯ ಪಕ್ಕಕ್ಕೆ ಸರಿದು ದಾಟಿಕೊಂಡು, ಬಿಸಿಲಿನಲ್ಲೇ ನಡೆದುಹೋದಳು.